ಸ್ಪೇರ್ ಸಿಗದ ಹಳೆಯ ಪಿಕಪ್: ಕರೆಂಟಿನ ತೊಂದರೆ ಹುಡುಕುವುದು, ಬದಲಿ ಸಾಮಾನು ಕೂರಿಸುವುದು

ಮಲ್ಪೆಯಿಂದ, ಮಂಗಳೂರಿನ ಧಕ್ಕೆಯಿಂದ (ಬಂದರುಕಟ್ಟೆಯಿಂದ) ಮೀನು ಹೇರಿಕೊಂಡು ಹೊರಡುವ ಗಾಡಿಗಳ ಸಾಲಿನಲ್ಲಿ ಹಳೆಯ ಟಾಟಾ 207, ಹಳೆಯ ಮಹೀಂದ್ರಾ ಪಿಕಪ್‌ಗಳು ಈಗಲೂ ಕಾಣಸಿಗುತ್ತವೆ. ಇವುಗಳ ಎಂಜಿನ್, ಗೇರ್‌ಬಾಕ್ಸಿನ ಸಾಮಾನು ಹೇಗೋ ಹೊಂದುತ್ತದೆ. ಸತಾಯಿಸುವುದು ಕರೆಂಟಿನ ಸಾಮಾನು. ದೀಪ, ಇಂಡಿಕೇಟರ್ ಹಾಕುವ ಸ್ಟೀರಿಂಗ್ ಬುಡದ ಕಾಂಬಿನೇಶನ್ ಸ್ವಿಚ್, ಫ್ಯೂಸ್ ಬಾಕ್ಸ್, ವೈಪರ್ ಮೋಟಾರ್, ಮೀಟರ್, ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್), ಯಾವುದನ್ನು ಕೇಳಿದರೂ ಅಂಗಡಿಯಲ್ಲಿ "ಅದು ಈಗ ಬರುವುದಿಲ್ಲ" ಎಂಬ ಒಂದೇ ಉತ್ತರ.

ಆ ಉತ್ತರ ಕೇಳಿಕೊಂಡು ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ಸು ಹತ್ತುವ ಮೊದಲು ಎರಡು ವಿಷಯ ಗಮನಿಸಿ. ಮೊದಲನೆಯದು, ಸಾಮಾನು ನಿಜಕ್ಕೂ ಹಾಳಾಗಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಕರಾವಳಿಯ ಗಾಡಿಗಳಲ್ಲಿ ಬಹಳ ಸಲ ಸ್ವಿಚ್ಚೂ ಮೋಟಾರೂ ಸರಿಯಾಗಿಯೇ ಇರುತ್ತವೆ. ಉಪ್ಪುಗಾಳಿಗೆ, ಮೀನಿನ ಪೆಟ್ಟಿಗೆಯಿಂದ ಇಳಿಯುವ ಮಂಜುಗಡ್ಡೆಯ ನೀರಿಗೆ ತುಕ್ಕು ಹಿಡಿದಿರುವುದು ಅರ್ತ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಮತ್ತು ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್). ಎರಡನೆಯದು, ಸಾಮಾನು ಹಾಳಾಗಿದ್ದರೂ ಅದೇ ನಂಬರಿನದೇ ಬೇಕೆಂದಿಲ್ಲ. ಅದು ಮಾಡುತ್ತಿದ್ದ ಕೆಲಸ ಏನು, ಎಷ್ಟು ಆಂಪಿಯರ್ ಹೊರುತ್ತಿತ್ತು, ಎಷ್ಟು ವೈರ್ ಬರುತ್ತಿದ್ದವು ಎಂದು ತಿಳಿದರೆ ಬದಲಿ ಸಿಕ್ಕೇ ಸಿಗುತ್ತದೆ.

ಕೈಗೆ ಬೇಕಾದದ್ದು, ಕೈ ಉಳಿಸಿಕೊಳ್ಳಲು ಬೇಕಾದದ್ದು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಜೊತೆಗೆ ಎರಡು ಉದ್ದ ವೈರ್ ಬೆಸೆದ 12 ವೋಲ್ಟ್ 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಇರಲಿ. ಮೀಟರಿಗಿಂತ ಈ ಬಲ್ಬ್ ಎಷ್ಟೋ ಸಲ ಹೆಚ್ಚು ಸತ್ಯ ಹೇಳುತ್ತದೆ. ಒಂದೇ ಎಳೆಯಲ್ಲಿ ಹಿಡಿದುಕೊಂಡಿರುವ ತುಕ್ಕು ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಮಾತ್ರ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. ಇವುಗಳ ಜೊತೆ 400ರ ಎಮರಿ ಕಾಗದ, ಹಳೆಯ ಹಲ್ಲುಜ್ಜುವ ಬ್ರಷ್, ಅಡುಗೆ ಸೋಡಾ, ಪೆಟ್ರೋಲಿಯಂ ಜೆಲ್ಲಿ, ವೈರಿನ ತುದಿಗೆ ಒತ್ತುವ ಥಿಂಬಲ್‌ಗಳು, ಥಿಂಬಲ್ ಒತ್ತುವ ಇಕ್ಕಳ, ಒಳಗೆ ಅಂಟು ಇರುವ ಹೀಟ್ ಸ್ಲೀವ್ ಇಟ್ಟುಕೊಳ್ಳಿ.

ಉಂಗುರ, ವಾಚು, ಸರ ತೆಗೆದಿಟ್ಟೇ ಬ್ಯಾಟರಿ ಮುಟ್ಟಿ. ಸ್ಪ್ಯಾನರಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಬೀಡಿ, ಲೈಟರ್, ಕಿಡಿ ಬೇಡ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚಿ ಡೈನಮೊ ಪರೀಕ್ಷಿಸುವ ಹಳೆಯ ಪದ್ಧತಿ ಈಗಲೂ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಆ ಕ್ಷಣ ಏರುವ ವೋಲ್ಟೇಜು ಡಯೋಡ್ ಪ್ಲೇಟನ್ನೂ ಕಟೌಟನ್ನೂ (ಡೈನಮೊದ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್) ಸುಡಬಲ್ಲದು. ಗಾಡಿಯ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿಯೇ ಮಾಡಿಸಿ.

"ಕೀ ತಿರುಗಿಸಿದರೆ ಟಕ್ ಎನ್ನುತ್ತದೆ, ಸೆಲ್ಫ್ ತಿರುಗುವುದಿಲ್ಲ"

ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬಿಚ್ಚುವ ಕೆಲಸ ಕೊನೆಯದು. ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ, 12.4 ಇದ್ದರೆ ಮುಕ್ಕಾಲು, 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಮೀಟರ್ ನೋಡಿ. 10 ವೋಲ್ಟಿಗಿಂತ ಕೆಳಗೆ ಜಾರಿದರೆ ಬ್ಯಾಟರಿ ಸೋತಿದೆ, ಅಥವಾ ಸೆಲ್ಫ್ ಒಳಗೆ ಜಾಮ್ ಆಗಿ ವಿಪರೀತ ಕರೆಂಟ್ ಎಳೆಯುತ್ತಿದೆ. ಒಳ್ಳೆಯ ಬ್ಯಾಟರಿ ಜೋಡಿಸಿ ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಬ್ಯಾಟರಿ ಗಟ್ಟಿಯಾಗಿದ್ದೂ ಟಕ್ ಎಂದಷ್ಟೇ ಸದ್ದು ಬಂದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರುತ್ತಿದೆ. ಅದನ್ನು ಅಳೆಯಲು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಕೆರೆದ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. ಕಂಬಕ್ಕೇ ಒತ್ತಬೇಕು, ಅದರ ಮೇಲಿನ ಕ್ಲಾಂಪಿಗಲ್ಲ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ಹೋಗಿದೆ. ಹಾಗೆಯೇ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಅಳೆದಾಗ 0.5ರೊಳಗೆ ಇರಬೇಕು. ಎಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಹಸಿರು ಪುಡಿ ಉದುರಿದರೆ, ಒಳಗಿನ ಎಳೆಗಳು ಗರಗರ ಎಂದರೆ, ಅದು ಕಣ್ಣಿಗೆ ಇದೆ, ಕೆಲಸಕ್ಕೆ ಇಲ್ಲ. ಕಂಪನಿಯ ಪಟ್ಟಿಯೇ ಬೇಕಿಲ್ಲ, 35 ಚದರ ಮಿ.ಮೀ. ಬ್ಯಾಟರಿ ಕೇಬಲಿಗೆ ಎರಡು ಕಡೆ ತವರ ಲೇಪಿಸಿದ ಥಿಂಬಲ್ ಒತ್ತಿಸಿ ಹಾಕಿದರೆ ಗಟ್ಟಿ ಕೆಲಸ.

ಎರಡೂ ದಪ್ಪ ದಾರಿ ಸರಿ ಇದ್ದರೆ ಸೆಲ್ಫಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡಿಗೆ ಬರುವ ತೆಳು ವೈರ್ ನೋಡಿ. ಅದು ಕೂರುವ ಟರ್ಮಿನಲ್ ಮೇಲೆ 50 ಎಂದು ಗುರುತಿರುವುದುಂಟು. ಕೀ ಹಿಡಿದಿರುವಾಗ ಅಲ್ಲಿ ಬ್ಯಾಟರಿಗೆ ಹತ್ತಿರದ ವೋಲ್ಟೇಜ್ ಬರಬೇಕು. 8ಕ್ಕಿಂತ ಕಡಿಮೆ ಬಂದರೆ ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿದೆ. ಇಲ್ಲಿ ಬಹಳ ಜನ ಸಿಗದ ಸ್ವಿಚ್ ಹುಡುಕುತ್ತ ತಿಂಗಳು ಕಳೆಯುತ್ತಾರೆ. ಅದರ ಅಗತ್ಯವಿಲ್ಲ. 12 ವೋಲ್ಟ್ 70 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್) ಒಂದನ್ನು ಸೆಲ್ಫಿನ ಹತ್ತಿರ, ನೀರು ಬೀಳದ ಕಡೆ ಕೂರಿಸಿ. ಅದರ ಕಾಲುಗಳ ಮೇಲಿನ ಅಂಕೆ ನೋಡಿ ಜೋಡಿಸಿ: ಸ್ವಿಚ್ಚಿನಿಂದ ಬರುತ್ತಿದ್ದ ಹಳೆಯ ವೈರ್ 86ಕ್ಕೆ, 85 ಅರ್ತಿಗೆ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ 30ಕ್ಕೆ, 87ರಿಂದ ಸೊಲೆನಾಯ್ಡಿಗೆ. ಸೊಲೆನಾಯ್ಡ್ ಎಳೆಯುವ ಕ್ಷಣದ ಹತ್ತಾರು ಆಂಪಿಯರ್ ಭಾರ ಈಗ ಸ್ವಿಚ್ಚಿನ ಮೇಲಿಲ್ಲ. ಸವೆದ ಸ್ವಿಚ್ಚೇ ಇನ್ನೂ ವರ್ಷಗಟ್ಟಲೆ ನಡೆಯುತ್ತದೆ.

50ಕ್ಕೂ ಪೂರ್ತಿ ವೋಲ್ಟೇಜ್ ಬಂದು ಸೆಲ್ಫ್ ತಿರುಗದಿದ್ದರೆ ಆಗ ಬಿಚ್ಚಿ. ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್), ಬುಶ್, ಸೊಲೆನಾಯ್ಡಿನ ಒಳಗಿನ ತಾಮ್ರದ ತಟ್ಟೆ, ಇಷ್ಟನ್ನು ಸೆಲ್ಫ್-ಡೈನಮೊ ಕೆಲಸದವರು ಬಿಡಿಯಾಗಿ ಹಾಕಿಕೊಡುತ್ತಾರೆ. ಗಾಡಿಯ ಅಡಿಗೆ ಹೋಗಿ ಸ್ಕ್ರೂಡ್ರೈವರ್‌ನಿಂದ ಟರ್ಮಿನಲ್ ತಾಗಿಸಿ ಸೆಲ್ಫ್ ಹೊಡೆಯುವ ಅಭ್ಯಾಸ ಜೀವಕ್ಕೆ ಅಪಾಯ. ಗೇರಿನಲ್ಲಿದ್ದರೆ ಗಾಡಿ ಮೈಮೇಲೆ ಬರುತ್ತದೆ.

"ಚಾರ್ಜಿಂಗ್ ದೀಪ ಆರುವುದಿಲ್ಲ" ಅಥವಾ "ಆ ದೀಪ ಹತ್ತುವುದೇ ಇಲ್ಲ"

ಎರಡೂ ಬೇರೆ ಬೇರೆ ಲಕ್ಷಣ. ಕೀ ಆನ್ ಮಾಡಿ, ಎಂಜಿನ್ ಓಡಿಸದೆ ಮೀಟರ್ ಬೋರ್ಡ್ ನೋಡಿ, ದೀಪ ಹತ್ತಲೇಬೇಕು. ಆ ಪುಟ್ಟ ಬಲ್ಬಿನ ಮೂಲಕ ಹರಿಯುವ ಕರೆಂಟೇ ಡೈನಮೊದ ರೋಟರಿಗೆ ಮೊದಲ ಕಾಂತತೆ ಕೊಡುವುದು. ಬಲ್ಬ್ ಫ್ಯೂಸ್ ಆದರೆ ಡೈನಮೊ ಎಷ್ಟೇ ಹೊಸದಿದ್ದರೂ ಚಾರ್ಜ್ ಮಾಡದೆ ಸುಮ್ಮನೆ ತಿರುಗಬಹುದು. ಅಲ್ಲಿಗೆ ಎಲ್‌ಇಡಿ ಹಾಕಿದಾಗಲೂ ಇದೇ ತೊಂದರೆ, ಕರೆಂಟ್ ಸಾಲದು. ತಂತಿಯ ಬಲ್ಬನ್ನೇ ಹಾಕಿ.

ದೀಪ ಹತ್ತದಿದ್ದರೆ ಡೈನಮೊದ ಹಿಂದಿನ ತೆಳು ವೈರ್ ಕಳಚಿ ಅರ್ತಿಗೆ ಮುಟ್ಟಿಸಿ. ಡಿ ಪ್ಲಸ್, ಎಲ್, ಐಎನ್‌ಡಿ, ಈ ಮೂರರಲ್ಲಿ ಒಂದು ಗುರುತು ಇರುತ್ತದೆ. ದೀಪ ಹತ್ತಿದರೆ ವೈರಿಂಗ್ ಸರಿ, ದೋಷ ಕಾರ್ಬನ್ ಅಥವಾ ಕಟೌಟಿನಲ್ಲಿ. ಹತ್ತದಿದ್ದರೆ ಬಲ್ಬ್, ಫ್ಯೂಸ್, ವೈರ್ ನೋಡಿ. ದಪ್ಪ ವೈರಿನ ಬಿ ಪ್ಲಸ್ ಟರ್ಮಿನಲನ್ನು ಮಾತ್ರ ಎಂದೂ ಅರ್ತಿಗೆ ಮುಟ್ಟಿಸಬಾರದು. ಅದು ನೇರ ಬ್ಯಾಟರಿ, ಬೆಂಕಿಯೇ ಬರುತ್ತದೆ.

ಎಂಜಿನ್ ಓಡುವಾಗ ದೀಪ ಆರದಿದ್ದರೆ ಮೊದಲು ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಬೇಕು. ಆಮೇಲೆ ಎಂಜಿನ್ನಿಗೆ ತುಸು ರೇಸ್ ಕೊಟ್ಟು ಬ್ಯಾಟರಿಯಲ್ಲಿ ಅಳೆಯಿರಿ. 13.8ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿ. 13ರ ಕೆಳಗೆ ನಿಂತರೆ ಚಾರ್ಜ್ ಇಲ್ಲ. 15 ದಾಟಿದರೆ ಕಟೌಟ್ ಹೋಗಿದೆ, ಗಾಡಿ ಓಡಿಸಬೇಡಿ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದೊಂದಾಗಿ ಸುಡುತ್ತವೆ.

ಕಾರ್ಬನ್ ಸವೆತ ಸಾಮಾನ್ಯ. ಹೋಲ್ಡರಿನಿಂದ ಹೊರಗೆ 5 ಮಿ.ಮೀ.ಗಿಂತ ಕಡಿಮೆ ಚಾಚಿದ್ದರೆ ಬದಲಿಸಿ. ಇಡೀ ಹೋಲ್ಡರ್ ಸಿಗದಿದ್ದರೆ ಅದೇ ಅಗಲ, ದಪ್ಪದ ಕಾರ್ಬನ್ ತಂದು ಬೆಸುಗೆ ಹಾಕಬಹುದು. ಕಾರ್ಬನ್ ಎಣ್ಣೆಯಲ್ಲಿ ಅದ್ದಿದಂತೆ ಜಿಡ್ಡಾಗಿದ್ದರೆ ಅಲ್ಲೇ ನಿಲ್ಲಿ, ಬರೀ ಕಾರ್ಬನ್ ಬದಲಿಸಿದರೆ ಆ ತೊಂದರೆ ಮತ್ತೆ ಬರುತ್ತದೆ. ಅನೇಕ ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಡೈನಮೊದ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತದೆ. ಅದಕ್ಕೆ ಎಂಜಿನ್ ಆಯಿಲಿನ ಪೈಪ್ ಬರುತ್ತದೆ. ಪಂಪಿನ ಸೀಲ್ ಸೋರಿ ಆಯಿಲ್ ಡೈನಮೊದ ಒಳಗೆ ಇಳಿದಿದೆ, ಸೀಲ್ ಹಾಕಿಸಿಯೇ ಕಾರ್ಬನ್ ಹಾಕಿಸಿ.

ಈ ಪಂಪಿನ ವಿಷಯವನ್ನು ಒತ್ತಿ ಹೇಳಬೇಕು. ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವುದು ಇದೇ ಪಂಪ್. "ಸದ್ಯಕ್ಕೆ ನಡೆಯಲಿ" ಎಂದು ಪಂಪ್ ಇಲ್ಲದ ಡೈನಮೊ ಕೂರಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ, ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಲೋಡ್ ಹೇರಿ ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಅದು ಗೊತ್ತಾಗುವುದು ಬೇಡ. ಬದಲಿ ಡೈನಮೊ ಆರಿಸುವಾಗ 12 ವೋಲ್ಟ್, ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗ್ರೂವ್ ಎಷ್ಟು, ಬೋಲ್ಟ್ ಕೂರುವ ಕಿವಿಗಳ ನಡುವಿನ ಅಂತರ, ಪಂಪ್, ಆಯಿಲ್ ಪೈಪಿನ ಚೂಡಿ (ಥ್ರೆಡ್), ಇಷ್ಟೂ ಹೊಂದಬೇಕು. ಆಂಪಿಯರ್ ಹೆಚ್ಚಿನದು ಸಿಕ್ಕರೆ ಹಾಕಬಹುದು, ಆದರೆ ಬಿ ಪ್ಲಸ್‌ನಿಂದ ಬ್ಯಾಟರಿಗೆ ಹೋಗುವ ವೈರನ್ನೂ ದಪ್ಪ ಮಾಡಬೇಕು. ಕೂರಿಸಿದ ಮೇಲೆ ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಇಳಿಯಬೇಕು. ಇಳಿಯದಿದ್ದರೆ ಗಾಡಿ ರಸ್ತೆಗೆ ಇಳಿಸಬೇಡಿ.

"ಹೆಡ್‌ಲೈಟ್ ಮಂಕು, ಸ್ವಿಚ್ ಬಿಸಿಯಾಗುತ್ತದೆ"

ಆಗುಂಬೆಯ 14 ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಹತ್ತುವವರಿಗೆ ಬೆಳಕಿನ ಬೆಲೆ ಗೊತ್ತು. ಬಲ್ಬಿಗೆ ಸಿಗುವ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ಹಾಗಾಗಿ ಬಲ್ಬ್ ಬದಲಿಸುವ ಮೊದಲು, ದೀಪ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಲ್ಲಿ ಅಳೆಯಿರಿ. ಬ್ಯಾಟರಿಗಿಂತ ಒಂದು ವೋಲ್ಟ್ ಕಡಿಮೆ ಇದ್ದರೆ ದಾರಿಯಲ್ಲಿ ನಷ್ಟವಾಗುತ್ತಿದೆ. ಅರ್ತ್ ಬದಿ ಸರಿಪಡಿಸಿ ಮತ್ತೆ ಅಳೆಯಿರಿ. ಅಷ್ಟಕ್ಕೇ ಸರಿಹೋಗುವುದು ಬಹಳ.

ಸರಿಹೋಗದಿದ್ದರೆ ಭಾರವೆಲ್ಲ ಸ್ವಿಚ್ಚಿನ ಮೇಲಿದೆ ಎಂದು ಅರ್ಥ. 55 ವ್ಯಾಟಿನ ಎರಡು ದೀಪ ಸೇರಿ 9 ಆಂಪಿಯರ್‌ಗೂ ಮೇಲೆ ಎಳೆಯುತ್ತವೆ. ಹಳೆಯ ವೈರಿಂಗಿನಲ್ಲಿ ರಿಲೇ ಇಲ್ಲದಿದ್ದರೆ ಆ ಕರೆಂಟೆಲ್ಲ ಕಾಂಬಿನೇಶನ್ ಸ್ವಿಚ್ಚಿನ ಪುಟ್ಟ ಹಿತ್ತಾಳೆ ಚುಕ್ಕಿಯ ಮೂಲಕವೇ ಹೋಗಬೇಕು. 100 ವ್ಯಾಟಿನ ಬಲ್ಬ್ ಹಾಕಿದವರ ಗಾಡಿಯಲ್ಲಿ ಆ ಚುಕ್ಕಿಯ ಸುತ್ತಲ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಚುಕ್ಕಿ ಒಂದು ಬದಿಗೆ ಓರೆಯಾಗಿ ಕುಸಿದಿರುತ್ತದೆ. ಹೊಸ ಸ್ವಿಚ್ ಸಿಕ್ಕರೂ ಕೆಲವು ತಿಂಗಳಲ್ಲಿ ಅದಕ್ಕೂ ಅದೇ ಗತಿ.

ಇಲ್ಲೂ ರಿಲೇಯೇ ಮದ್ದು. ಡಿಮ್ಮಿಗೊಂದು, ಬ್ರೈಟಿಗೊಂದು, 12 ವೋಲ್ಟ್ 30 ಅಥವಾ 40 ಆಂಪಿಯರಿನವು. ಹೆಡ್‌ಲೈಟಿಗೆ ಹೋಗುತ್ತಿದ್ದ ಹಳೆಯ ಡಿಮ್ ವೈರ್ ಒಂದರ 86ಕ್ಕೆ, ಬ್ರೈಟ್ ವೈರ್ ಇನ್ನೊಂದರ 86ಕ್ಕೆ. ಎರಡರ 85 ಅರ್ತಿಗೆ. ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರ್ ಬೇರೆ ಬೇರೆ 20 ಆಂಪಿಯರ್ ಫ್ಯೂಸಿನ ಮೂಲಕ ಎರಡೂ 30ಕ್ಕೆ, 87ರಿಂದ ಎರಡು ಬದಿಯ ದೀಪಗಳಿಗೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ರಿಲೇ ಹತ್ತಿರ ಇಟ್ಟರೆ ಅದರ ಹಿಂದಿನ ವೈರಿಗೆ ಕಾವಲೇ ಇರುವುದಿಲ್ಲ. ಈಗ ಸ್ವಿಚ್ಚಿನ ಮೂಲಕ ಹೋಗುವುದು ಎರಡು ಕಾಯಿಲ್‌ಗಳ ಅತ್ಯಲ್ಪ ಕರೆಂಟ್ ಮಾತ್ರ. ಸಿಗದ ಸ್ವಿಚ್ಚನ್ನು ಉಳಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮೊದಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಎಚ್4 (ಡಿಮ್, ಬ್ರೈಟ್ ಎರಡೂ ಇರುವ ಹೆಡ್‌ಲೈಟ್ ಬಲ್ಬ್) ಹೋಲ್ಡರಿನ ಮೂರು ವೈರುಗಳಲ್ಲಿ ಸಾಮಾನ್ಯ ವೈರ್ ಅರ್ತ್ ಆಗಿದೆಯೇ, ಪಾಸಿಟಿವ್ ಆಗಿದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡಿ. ಕೆಲವು ಗಾಡಿಗಳಲ್ಲಿ ಸ್ವಿಚ್ ಅರ್ತ್ ಬದಿಯನ್ನು ಕಡಿಯುತ್ತದೆ, ಅಲ್ಲಿ ಮೇಲಿನ ಜೋಡಣೆ ನಡೆಯುವುದಿಲ್ಲ.

ಲಾರಿ ಸಾಮಾನಿನ ಅಂಗಡಿಯಲ್ಲಿ ರಿಲೇ ಕೊಳ್ಳುವಾಗ ಮೈಮೇಲೆ 12 ವೋಲ್ಟ್ ಎಂದು ಓದಿಯೇ ಕೊಳ್ಳಿ. 24 ವೋಲ್ಟಿನದು ಆಕಾರದಲ್ಲಿ ತದ್ರೂಪ. ಅಕ್ಷರ ಅಳಿಸಿದ್ದರೆ 85, 86ರ ನಡುವೆ ಓಮ್ ಅಳೆಯಿರಿ. 12 ವೋಲ್ಟಿನದರಲ್ಲಿ ಸಾಮಾನ್ಯವಾಗಿ 100ರ ಆಸುಪಾಸು, 24ರದ್ದರಲ್ಲಿ ಅದರ ಮೂರು ನಾಲ್ಕು ಪಟ್ಟು.

ಸ್ವಿಚ್ಚಿನ ಕಾಂಟ್ಯಾಕ್ಟ್ ಈಗಾಗಲೇ ಕಪ್ಪಾಗಿದ್ದರೆ ಬಿಚ್ಚಿ ಒರೆಸಬಹುದು. ಬಿಚ್ಚುವಾಗ ಇಡೀ ಸ್ವಿಚ್ಚನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಿಡಿದುಕೊಂಡು ಬಿಚ್ಚಿ. ಒಳಗೆ ಸ್ಪ್ರಿಂಗಿನ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡು ಇರುತ್ತದೆ. ಹಾರಿ ಹೋದರೆ ಇಂಡಿಕೇಟರ್ ಕಡ್ಡಿ ಎಲ್ಲೂ ನಿಲ್ಲುವುದಿಲ್ಲ, ಆ ಗುಂಡಿಗೆ ಸ್ಪೇರ್ ಎಂಬುದು ಇಲ್ಲ.

"ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ"

ಹಿಂಬದಿಯ ದೀಪಗಳು ಒಂದರ ಕೆಲಸ ಇನ್ನೊಂದು ಮಾಡತೊಡಗಿದರೆ ಅದು ಅರ್ತ್ ಹೋದ ಲಕ್ಷಣ, ಹತ್ತರಲ್ಲಿ ಒಂಬತ್ತು ಸಲ. ಕರೆಂಟಿಗೆ ಮರಳಿ ಹೋಗಲು ತನ್ನ ದಾರಿ ಇಲ್ಲ, ಪಕ್ಕದ ಬಲ್ಬಿನ ತಂತಿಯ ಮೂಲಕ ಹೋಗುತ್ತದೆ. ಖಚಿತಪಡಿಸಿಕೊಳ್ಳಲು ಬ್ಯಾಟರಿ ನೆಗೆಟಿವ್‌ನಿಂದ ಉದ್ದದ ವೈರ್ ಎಳೆದು ದೀಪದ ಅರ್ತಿಗೆ ಹಿಡಿಯಿರಿ. ಎಲ್ಲ ಸರಿಯಾದರೆ ಸಿಕ್ಕಿಬಿತ್ತು.

ಮೀನಿನ ಗಾಡಿಯಲ್ಲಿ ಉಪ್ಪುನೀರು ಹಲಗೆಯ ಸಂದಿನಿಂದ ಇಳಿದು ನೇರ ಹಿಂದಿನ ದೀಪದ ಬೋಲ್ಟಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಬೋಲ್ಟನ್ನು ನಂಬಬೇಡಿ. ಎರಡೂ ಹಿಂಬದಿ ದೀಪಗಳಿಂದ 2.5 ಚದರ ಮಿ.ಮೀ.ನ ಪ್ರತ್ಯೇಕ ಅರ್ತ್ ವೈರನ್ನು ಚಾಸಿಯ ಒಳಬದಿಗೆ ತನ್ನಿ. ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಹಳೆಯ ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಬರುವವರೆಗೆ ಕತ್ತರಿಸುತ್ತ ಹೋಗಿ. ಒಂದಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಆ ವೈರನ್ನೇ ಬದಲಿಸಿ. ಬೋಟಿನ ವೈರಿಂಗಿಗೆ ಬಳಸುವ ತವರ ಲೇಪಿತ ತಾಮ್ರದ ವೈರ್ ಸಿಕ್ಕರೆ ಅದೇ ಉತ್ತಮ. ಇನ್ಸುಲೇಶನ್ ಟೇಪು ಸುತ್ತಿ ಮುಗಿಸಬೇಡಿ, ಅದು ನೀರನ್ನು ಒಳಗೇ ಕೂಡಿಡುತ್ತದೆ. ಅಂಟಿನ ಹೀಟ್ ಸ್ಲೀವ್ ಹಾಕಿ.

ಅರ್ತ್ ಸರಿಯಿದ್ದೂ ಬ್ರೇಕ್, ಪಾರ್ಕ್ ದೀಪ ಅದಲುಬದಲಾಗಿದ್ದರೆ ಎರಡು ತಂತಿಯ 21/5 ವ್ಯಾಟಿನ ಬಲ್ಬ್ ತೆಗೆದು ನೋಡಿ. ಅದರ ಬುಡದ ಬದಿಯ ಎರಡು ಗುಬ್ಬಿಗಳು (ಪಿನ್‌ಗಳು) ಬೇರೆ ಬೇರೆ ಎತ್ತರದಲ್ಲಿವೆ. ಸವೆದ ಹೋಲ್ಡರಿಗೆ ತಿರುಚಿ ಒತ್ತಿದರೆ ಉಲ್ಟಾ ಕೂರುತ್ತದೆ.

"ಇಂಡಿಕೇಟರ್ ಹಾಕಿದರೆ ಹತ್ತಿಯೇ ಇರುತ್ತದೆ" ಅಥವಾ "ಪಟಪಟ ಹೊಡೆಯುತ್ತದೆ"

ಒಂದೇ ಬದಿಯಲ್ಲಿ ತೊಂದರೆ ಇದ್ದರೆ ಬಲ್ಬ್ ಅಥವಾ ಅರ್ತ್. ಎರಡೂ ಬದಿಯಲ್ಲಿದ್ದರೆ ದೀಪ ಮಿನುಗಿಸುವ ಫ್ಲ್ಯಾಷರ್. ಹಳೆಯ ಎರಡು ಕಾಲಿನ ಫ್ಲ್ಯಾಷರ್ ಕಾದು ಬಾಗುವ ಲೋಹದ ಪಟ್ಟಿಯಿಂದ ನಡೆಯುತ್ತದೆ. ಭಾರ ಕಡಿಮೆಯಾದರೆ, ಅಂದರೆ ಒಂದು ಬಲ್ಬ್ ಹೋದರೆ ಅಥವಾ ಎಲ್‌ಇಡಿ ಹಾಕಿದರೆ, ಅದು ನಿಧಾನವಾಗುತ್ತದೆ ಇಲ್ಲವೇ ಹತ್ತಿಯೇ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಇದಕ್ಕೆ ವಿರುದ್ಧ, ಬಲ್ಬ್ ಹೋದರೆ ಪಟಪಟ ಹೊಡೆಯುತ್ತದೆ. ಎರಡು ಕಾಲಿನದರ ಜಾಗಕ್ಕೆ ಮೂರು ಕಾಲಿನದು ಹಾಕಬಹುದು. ಬಿ ಅಥವಾ 49 ಎಂದಿರುವುದಕ್ಕೆ ಪಾಸಿಟಿವ್, ಎಲ್ ಅಥವಾ 49ಎಗೆ ಸ್ವಿಚ್ಚಿನ ವೈರ್, ಇ ಅಥವಾ 31ಕ್ಕೆ ಹೊಸದಾಗಿ ಅರ್ತ್. ಕಾಲುಗಳ ಸ್ಥಾನ ನಂಬಿ ಚುಚ್ಚಬೇಡಿ, ಗುರುತು ಓದಿ.

ಹಝಾರ್ಡ್ ಸರಿಯಾಗಿ ಹೊಡೆದು ಇಂಡಿಕೇಟರ್ ಮಾತ್ರ ಸತ್ತಿದ್ದರೆ ಹಝಾರ್ಡ್ ಸ್ವಿಚ್ಚನ್ನೇ ಇಪ್ಪತ್ತು ಸಲ ಒತ್ತಿ ಬಿಡಿ. ಅನೇಕ ಗಾಡಿಗಳಲ್ಲಿ ಫ್ಲ್ಯಾಷರಿಗೆ ಕರೆಂಟ್ ಬರುವುದು ಆ ಸ್ವಿಚ್ಚಿನ ಮೂಲಕ. ಅದನ್ನು ಬಳಸುವುದೇ ಅಪರೂಪವಾದ್ದರಿಂದ ಒಳಗೆ ಪಾಚಿಗಟ್ಟಿರುತ್ತದೆ.

"ವೈಪರ್ ಅರ್ಧಕ್ಕೆ ನಿಲ್ಲುತ್ತದೆ"

ಮಳೆ ಹಿಡಿದ ಮೇಲೆ ನೋಡುವ ಕೆಲಸ ಇದಲ್ಲ, ಮೇ ತಿಂಗಳಲ್ಲೇ ನೋಡಿ. ಮೋಟಾರಿನ ತೋಳಿನಿಂದ ಲಿಂಕ್ ಕಳಚಿ, ಬರೀ ಮೋಟಾರ್ ಓಡಿಸಿ. ಲೀಲಾಜಾಲವಾಗಿ ತಿರುಗಿದರೆ ಮೋಟಾರಿನ ತಪ್ಪಿಲ್ಲ. ವೈಪರ್ ಕಡ್ಡಿಯ ಬುಡದ ಬುಶ್‌ಗಳು ತುಕ್ಕಿಗೆ ಬಿಗಿದಿವೆ. ಬಿಚ್ಚಿ, ಎಮರಿ ಹೊಡೆದು, ಗ್ರೀಸ್ ತುಂಬಿ. ಲಿಂಕಿನ ನಡುವೆ ಬೆರಳಿಟ್ಟುಕೊಂಡು ಕೀ ತಿರುಗಿಸಬೇಡಿ. ಅದರ ಬಲಕ್ಕೆ ಬೆರಳು ಮುರಿಯುತ್ತದೆ.

ಸ್ವಿಚ್ ಆಫ್ ಮಾಡಿದ ಕೂಡಲೇ ಗಾಜಿನ ನಡುವೆಯೇ ನಿಂತರೆ ಮೋಟಾರಿನ ಒಳಗಿನ ಪಾರ್ಕ್ ಕಾಂಟ್ಯಾಕ್ಟ್ ಹೋಗಿದೆ. ಮುಚ್ಚಳ ಬಿಚ್ಚಿ ಹಿತ್ತಾಳೆ ತಟ್ಟೆ ಒರೆಸಿ, ಎಲೆಗಳನ್ನು ಸ್ವಲ್ಪ ಬಾಗಿಸಿ. ಬೇರೆ ಗಾಡಿಯ ಮೋಟಾರ್ ಹಾಕುವುದಾದರೆ ಬೋಲ್ಟಿನ ತೂತು ಹೊಂದಿದರೆ ಸಾಲದು. ಹೊಸ ಮೋಟಾರನ್ನು ತೋಳಿಲ್ಲದೆ ವೈರಿಗೆ ಜೋಡಿಸಿ, ಓಡಿಸಿ, ಆಫ್ ಮಾಡಿ. ಅದು ತನ್ನ ಪಾರ್ಕ್ ಜಾಗದಲ್ಲಿ ತಾನೇ ನಿಲ್ಲುತ್ತದೆ. ಆಮೇಲೆ, ವೈಪರುಗಳು ಗಾಜಿನ ಕೆಳಗೆ ಮಲಗಿರುವ ಸ್ಥಿತಿಗೆ ಹೊಂದುವಂತೆ ಹಳೆಯ ಮೋಟಾರಿನ ತೋಳನ್ನೇ ಅದಕ್ಕೆ ಬಿಗಿಯಿರಿ. ತೋಳಿನ ಉದ್ದ ಬದಲಾದರೆ ಕಡ್ಡಿ ಗಾಜು ದಾಟಿ ಬಾಡಿಗೆ ಬಡಿಯುತ್ತದೆ.

"ಫ್ಯೂಸ್ ಹಾಕಿದ ಹಾಗೆ ಹೋಗುತ್ತದೆ"

ಎರಡನೇ ಫ್ಯೂಸೂ ಹೋದರೆ ಮೂರನೆಯದು ಹಾಕಬೇಡಿ. ಫ್ಯೂಸಿನ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಜೋಡಿಸಿ. ಆ ಸಾಲಿನ ದೀಪ, ಮೋಟಾರುಗಳನ್ನು ಕಳಚಿದ ಮೇಲೂ ಲ್ಯಾಂಪ್ ಪ್ರಖರವಾಗಿ ಉರಿದರೆ ಶಾರ್ಟ್ ಇದೆ. ಬಲ್ಬ್ ಇರುವುದರಿಂದ ಎರಡು ಆಂಪಿಯರಿಗಿಂತ ಹೆಚ್ಚು ಹರಿಯದು, ವೈರ್ ಸುಡದು. ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗನ್ನು ಮುಂದಿನಿಂದ ಹಿಂದಕ್ಕೆ ಅಲುಗಾಡಿಸುತ್ತ ಹೋಗಲಿ. ಬಲ್ಬ್ ಆರಿದ ಜಾಗವೇ ದೋಷದ ಜಾಗ. ಚಾಸಿಯ ಕ್ಲಾಂಪಿನ ಅಂಚು, ಹೆಡ್‌ಲೈಟಿನ ಹಿಂಬದಿ, ಸ್ಟೀರಿಂಗ್ ಕಾಲಂ, ಬಾಡಿಯವರು ದೀಪಕ್ಕೆಂದು ವೈರ್ ಕೊರೆದು ಸೇರಿಸಿದ ಕಡೆ, ಇವೇ ಸಾಮಾನ್ಯ.

ಫ್ಯೂಸ್ ಬಾಕ್ಸೇ ಕರಗಿದ್ದರೆ ಕಂಪನಿಯದನ್ನು ಹುಡುಕುವ ಬದಲು ಮುಚ್ಚಳವಿರುವ ಬ್ಲೇಡ್ ಫ್ಯೂಸಿನ ಬಾಕ್ಸ್ ಹಾಕಿ. ಒಂದು ಸಾಲು ಬಿಚ್ಚಿ, ಜೋಡಿಸಿ, ಪರೀಕ್ಷಿಸಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಆ ದಿನ ಮುಗಿಯುವುದಿಲ್ಲ. ಹಳೆಯ ಗುಂಡು ಪಿಂಗಾಣಿ ಫ್ಯೂಸಿನಲ್ಲಿ ಬಿಳಿ 8, ಕೆಂಪು 16, ನೀಲಿ 25 ಆಂಪಿಯರ್. ಬ್ಲೇಡಿನಲ್ಲಿ ಕೆಂಪು 10, ನೀಲಿ 15, ಹಳದಿ 20. ಬಣ್ಣ ನೋಡಿ ಬಣ್ಣಕ್ಕೆ ಬದಲಿಸಿದರೆ ತಪ್ಪಾಗುತ್ತದೆ, ಅಂಕೆ ನೋಡಿ. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದ ಫ್ಯೂಸ್ ಕಂಡರೆ ಮೊದಲು ಅದನ್ನು ಕಿತ್ತು, ಆ ಸಾಲಿನ ಇಡೀ ವೈರ್ ಮುಟ್ಟಿ ನೋಡಿ. ಮೇಲ್ಪದರ ಗಡುಸಾಗಿ ಬಿರಿದಿದ್ದರೆ, ಸುಟ್ಟ ವಾಸನೆ ಇದ್ದರೆ, ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಿ. ಪಕ್ಕದ ವೈರುಗಳಿಗೂ ಬೇಯುವಷ್ಟು ಬಿಸಿ ತಾಗಿರುತ್ತದೆ.

"ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಸುಳ್ಳು ತೋರಿಸುತ್ತವೆ"

ಎರಡೂ ಒಟ್ಟಿಗೆ ಕೆಟ್ಟರೆ ಎರಡು ಸೆಂಡರ್ (ಮೀಟರಿಗೆ ಅಳತೆ ಕಳಿಸುವ ಸಾಮಾನು) ಕೊಳ್ಳಬೇಡಿ. ಮೀಟರ್ ಬೋರ್ಡಿನ ಅರ್ತ್, ಆಮೇಲೆ ಹಿಂಬದಿಯ ಪುಟ್ಟ ವೋಲ್ಟೇಜ್ ಸ್ಟೆಬಿಲೈಜರ್ ನೋಡಿ. ಅದು 10 ವೋಲ್ಟಿನ ಬಗೆಯದಾಗಿದ್ದು ಸಿಗದಿದ್ದರೆ, ರೇಡಿಯೋ ರಿಪೇರಿಯವರಲ್ಲಿ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಕೇಳಿ, ಅಲ್ಯೂಮಿನಿಯಂ ತುಂಡಿಗೆ ಬಿಗಿದು ಹಾಕಿಸಬಹುದು. ಒಂದೇ ಮುಳ್ಳು ಕೆಟ್ಟಿದ್ದರೆ ಸೆಂಡರಿನ ವೈರ್ ಕಳಚಿ ಎರಡು ಸೆಕೆಂಡು ಮಾತ್ರ ಅರ್ತಿಗೆ ಮುಟ್ಟಿಸಿ. ಮುಳ್ಳು ಓಡಿದರೆ ಸೆಂಡರ್ ದೋಷ, ಓಡದಿದ್ದರೆ ವೈರ್ ಅಥವಾ ಮೀಟರ್. ಟೆಂಪರೇಚರ್ ಮುಳ್ಳು ಸತ್ತಿರುವಾಗ ಲೋಡ್ ಹಾಕಿ ಘಾಟಿ ಹತ್ತಬೇಡಿ.

"ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ"

ಎಲ್ಲ ಆಫ್ ಮಾಡಿ, ನೆಗೆಟಿವ್ ತಂತಿ ಕಳಚಿ, ಕಂಬಕ್ಕೂ ತಂತಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಅಳೆಯಿರಿ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ. 0.05 ಆಂಪಿಯರಿನೊಳಗೆ ಇದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತ ಬನ್ನಿ, ಅಂಕೆ ಇಳಿದ ಸಾಲಿನಲ್ಲಿ ಹುಡುಕಿ. ಯಾವ ಫ್ಯೂಸಿಗೂ ಇಳಿಯದಿದ್ದರೆ ಡೈನಮೊದ ಡಯೋಡ್ ಸೋರುತ್ತಿರಬಹುದು. ಗಂಟೆಗಟ್ಟಲೆ ನಿಂತ ಗಾಡಿಯ ಡೈನಮೊ ಮುಟ್ಟಿದರೆ ಬೆಚ್ಚಗಿರುವುದೇ ಅದರ ಗುರುತು.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಕಾಲದಲ್ಲಿ ನಿಲ್ಲುವ ಗಾಡಿಗೆ ಆ 0.05 ಕೂಡ ಹೆಚ್ಚೇ. 61 ದಿನಕ್ಕೆ ಅದು 73 ಆಂಪಿಯರ್-ಗಂಟೆ. 60ರ ಬ್ಯಾಟರಿ ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಮುಗಿಯುವ ಮೊದಲೇ ಪೂರ್ತಿ ಬರಿದಾಗಿ ಕೆಟ್ಟಿರುತ್ತದೆ. ಗಾಡಿ ನಿಲ್ಲಿಸಿದ ದಿನವೇ ನೆಗೆಟಿವ್ ಕಳಚಿಡಿ.

"ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ" ಅಥವಾ "ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ"

ರೋಟರಿ ಡೀಸೆಲ್ ಪಂಪ್ ಇರುವ ಗಾಡಿಯಲ್ಲಿ ಡೀಸೆಲ್ ಕಡಿಯುವ ಸೊಲೆನಾಯ್ಡ್ ಪಂಪಿನ ಮೇಲೆಯೇ ಇರುತ್ತದೆ. ಕೀ ಆನ್ ಮಾಡಿದಾಗ ಅಲ್ಲಿ ಸಣ್ಣಗೆ ಟಿಕ್ ಎನ್ನಬೇಕು. ಎನ್ನದಿದ್ದರೆ ವೈರಿನಲ್ಲಿ 12 ವೋಲ್ಟ್ ಇದೆಯೇ ನೋಡಿ, ಬಹಳ ಸಲ ಫ್ಯೂಸ್ ಅಥವಾ ತುಕ್ಕು ಹಿಡಿದ ಥಿಂಬಲ್ ಅಷ್ಟೇ. ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಪರೀಕ್ಷಿಸಬಹುದು, ಹಾಗೆಯೇ ಬಿಟ್ಟು ಓಡಿಸಬಾರದು. ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಅಂಥ ಹೊತ್ತು ಬಂದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಪಂಪನ್ನೇ ಬಿಚ್ಚುವ ಕೆಲಸ ಡೀಸೆಲ್ ಪಂಪಿನವರದು, ಅದಕ್ಕೆ ಕೈಹಾಕಬೇಡಿ.

ಗುಜರಿಗೆ ಹೋಗುವಾಗ

ಹಳೆಯ ಸಾಮಾನನ್ನು ಕೈಯಲ್ಲೇ ಒಯ್ಯಿರಿ. ಫೋಟೊ ನೋಡಿ ತಂದದ್ದು ಹೊಂದುವುದು ಕಡಿಮೆ. ಸಾಮಾನಿನ ಜೊತೆ ಅದರ ಕಪ್ಲರನ್ನೂ ಒಂದು ಗೇಣು ವೈರ್ ಸಮೇತ ಕತ್ತರಿಸಿ ಕೊಡಲು ಕೇಳಿ. ಆ ಒಂದು ಗೇಣು ವೈರ್ ಇಲ್ಲದೆ ತಂದ ಸ್ವಿಚ್ಚು, ಮೋಟಾರು ಎಷ್ಟೋ ಸಲ ಮೂಲೆಗೆ ಬೀಳುತ್ತದೆ. ಅಲ್ಲೇ 12 ವೋಲ್ಟ್ ಬ್ಯಾಟರಿ ಕೊಟ್ಟು ಓಡಿಸಿ ನೋಡಿಯೇ ದುಡ್ಡು ಕೊಡಿ. ಸ್ವಿಚ್ ಆದರೆ ಪ್ರತಿ ಸ್ಥಾನದಲ್ಲೂ ಯಾವ ಕಾಲಿಗೂ ಯಾವ ಕಾಲಿಗೂ ಸಂಪರ್ಕ ಎಂದು ಮೀಟರಿನ ಬೀಪ್ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ವೈರಿನ ಬಣ್ಣ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಜೋಡಿಸುವಾಗ ನಿಮ್ಮ ನೆರವಿಗೆ ಬರುವುದು ಆ ಚೀಟಿ ಮಾತ್ರ. ಕೆಲಸ ಮುಗಿದ ಮೇಲೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ, ಮುಂದೆ ಆ ಗಾಡಿಗೆ ಕೈ ಹಾಕುವ ಎಲೆಕ್ಟ್ರಿಷಿಯನ್ನರಿಗೆ ಬೇಕಾಗುತ್ತದೆ.